ಬರಿಗಾಲಿನ ಕಥೆಗಳೂ ಲೀಗಿನ ಬಾಗಿಲೂ

ಸಂಪಾಜೆಯಲ್ಲಿ ಫುಟ್ಬಾಲಿನ ಮಾತು ಜೋರಾಗುವುದು ಮಳೆ ಹಿಡಿದ ಮೇಲೆ. ಘಟ್ಟದ ಬುಡದ ಊರು ಇದು. ಮೇಲೆ ಹತ್ತಿದರೆ ಮಡಿಕೇರಿಯ ಹಾಕಿ, ಪಯಸ್ವಿನಿಯ ಜೊತೆ ಕೆಳಗಿಳಿದರೆ ಕಾಸರಗೋಡಿನ ಫುಟ್ಬಾಲ್ ಹುಚ್ಚು. ಹಾಗಾಗಿ ಎರಡೂ ಆಟದ ಬಗ್ಗೆ ಇಲ್ಲಿ ಎಲ್ಲರಿಗೂ ಏನಾದರೊಂದು ಹೇಳಲಿಕ್ಕಿರುತ್ತದೆ. ಹಳೇ ಕಾಲದ ಫುಟ್ಬಾಲಿನ ವಿಷಯ ಬಂದರೆ ಮಾತ್ರ ಅದೇ ನಾಲ್ಕೈದು ಕಥೆಗಳು ತಿರುಗಿ ತಿರುಗಿ ಬರುತ್ತವೆ. ಹೇಳುವವರು ಅಭಿಮಾನದಿಂದಲೇ ಹೇಳುತ್ತಾರೆ. ಆದರೆ ಆ ಕಥೆಗಳಲ್ಲಿ ಒಂದು ದಿನದ ಪವಾಡ ಉಳಿದು, ವರ್ಷಗಟ್ಟಲೆ ಬೆವರು ಸುರಿಸಿದವರು ಅಳಿಸಿಹೋಗುತ್ತಾರೆ. ಅದಕ್ಕೇ ಇವನ್ನು ಒಂದೊಂದಾಗಿ ತಿದ್ದಬೇಕು ಅನ್ನಿಸಿತು.

"1911ರಲ್ಲಿ ಮೋಹನ್ ಬಾಗಾನ್ ಬ್ರಿಟಿಷರ ಲೀಗ್ ಗೆದ್ದಿತು"

ಗೆದ್ದದ್ದು ನಿಜ, ಲೀಗ್ ಎಂಬುದು ಸುಳ್ಳು. 1911ರ ಜುಲೈ 29ರಂದು ಕಲ್ಕತ್ತೆಯ ಭಾರತೀಯ ಕ್ಲಬ್ ಮೋಹನ್ ಬಾಗಾನ್ ಬ್ರಿಟಿಷ್ ಸೈನಿಕರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಪಡೆದದ್ದು ಐಎಫ್‌ಎ ಶೀಲ್ಡ್. ಅದು ನಾಕೌಟ್ ಪಂದ್ಯಾವಳಿ, ಸೋತವರು ಮನೆಗೆ. ಒಂದು ಮರುಪಂದ್ಯವೂ ಸೇರಿ ಆರು ಪಂದ್ಯ ಆಡಿ ಅವರು ಶೀಲ್ಡ್ ಎತ್ತಿದರು. ದೂರದಲ್ಲಿ ನಿಂತ ಜನಕ್ಕೆ ಸ್ಕೋರು ತಿಳಿಸಲು ಆ ದಿನ ಗಾಳಿಪಟ ಹಾರಿಸಿದ್ದರು.

ಲೀಗಿನ ಕಥೆ ಬೇರೆ. ಕಲ್ಕತ್ತಾ ಫುಟ್ಬಾಲ್ ಲೀಗ್ ಶುರುವಾದದ್ದು 1898ರಲ್ಲಿ. ಮೊದಲ ಚಾಂಪಿಯನ್ ಗ್ಲೌಸ್ಟರ್‌ಷೈರ್ ರೆಜಿಮೆಂಟ್. ಲೀಗಿನಲ್ಲಿ ಎಲ್ಲ ತಂಡಗಳೂ ಎಲ್ಲರ ಜೊತೆ ಆಡಬೇಕು. ಆಗ ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ತಿಂಗಳುಗಟ್ಟಲೆ ನಡೆಯುವ ಈ ಲೆಕ್ಕದಲ್ಲಿ ಒಂದು ದಿನದ ಅದೃಷ್ಟಕ್ಕೆ ಬೆಲೆ ಕಡಿಮೆ. ಶೀಲ್ಡ್ ಗೆದ್ದ ದಿನ ಮೋಹನ್ ಬಾಗಾನಿಗೆ ಆ ಲೀಗಿನ ಎರಡನೇ ಡಿವಿಷನ್ನಿನಲ್ಲೂ ಜಾಗವಿರಲಿಲ್ಲ! ಭಾರತೀಯ ಕ್ಲಬ್ಬುಗಳಿಗೆ ಎರಡನೇ ಡಿವಿಷನ್ನಿನ ಬಾಗಿಲು ತೆರೆದದ್ದು 1914ರಲ್ಲಿ. ಮರುವರ್ಷ ಮೋಹನ್ ಬಾಗಾನ್ ಮೊದಲ ಡಿವಿಷನ್ನಿಗೆ ಏರಿತು. ಅಲ್ಲಿಗೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಮೊದಲ ಡಿವಿಷನ್ನಿನಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ತಂಡ ಇರಬಾರದು ಎಂಬ ಕಟ್ಟುಪಾಡು ಇತ್ತು. ಎಷ್ಟು ಚೆನ್ನಾಗಿ ಆಡಿದರೂ ಮೂರನೆಯವರು ಕೆಳಗೇ ಇರಬೇಕು. ಈಸ್ಟ್ ಬೆಂಗಾಲ್ ಅದನ್ನು ಎದುರಿಸಿ 1925ರಲ್ಲಿ ಮೇಲೆ ಬಂತು.

1898ರಿಂದ 1933ರವರೆಗೆ ಒಂದು ಭಾರತೀಯ ತಂಡವೂ ಲೀಗ್ ಗೆಲ್ಲಲಿಲ್ಲ. 1934ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಗೆದ್ದಿತು, ಮುಂದೆ 1938ರವರೆಗೆ ಸತತ ಐದು ವರ್ಷ ಬಿಟ್ಟುಕೊಡಲಿಲ್ಲ. ನನ್ನ ಮಟ್ಟಿಗೆ ಇದು 1911ಕ್ಕಿಂತ ದೊಡ್ಡ ಸಾಧನೆ. ಶಾಲೆಯ ಕ್ವಿಜ್‌ಗಳಲ್ಲಿ 1911 ಕೇಳುವವರು 1934 ಕೇಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

"1911ರ ಸೋಲಿಗೆ ಹೆದರಿಯೇ ಬ್ರಿಟಿಷರು ರಾಜಧಾನಿಯನ್ನು ದೆಹಲಿಗೆ ಒಯ್ದರು"

ಇಲ್ಲ. ರಾಜಧಾನಿ ಬದಲಾವಣೆಯ ಘೋಷಣೆ ಬಂದದ್ದು 1911ರ ಡಿಸೆಂಬರ್ 12ರಂದು, ದೆಹಲಿ ದರ್ಬಾರಿನಲ್ಲಿ. ಆದರೆ ವೈಸರಾಯ್ ಹಾರ್ಡಿಂಜರ ಮಂಡಲಿಯ ಸದಸ್ಯ ಜಾನ್ ಜೆಂಕಿನ್ಸ್ ಅದರ ಪ್ರಸ್ತಾವವನ್ನು ಜೂನ್ ತಿಂಗಳಲ್ಲೇ ಬರೆದುಕೊಟ್ಟಿದ್ದರು. ಶೀಲ್ಡ್ ಫೈನಲ್ ಆಗ ಇನ್ನೂ ನಡೆದೇ ಇರಲಿಲ್ಲ. ಬಂಗಾಳ ವಿಭಜನೆಯ ವಿರುದ್ಧದ ಚಳವಳಿ, ಆಡಳಿತದ ಲೆಕ್ಕಾಚಾರ ಇವು ಕಾರಣ.

"ಬೂಟು ಕೊಳ್ಳಲು ದುಡ್ಡಿಲ್ಲದೆ ಬರಿಗಾಲಲ್ಲಿ ಆಡುತ್ತಿದ್ದರು"

ಬಡತನ ಇತ್ತು, ಇಲ್ಲವೆನ್ನಲಾಗದು. ಆದರೆ ಇಡೀ ಕಾರಣ ಅದೇ ಎಂದರೆ ಆಟಗಾರರ ಬುದ್ಧಿಗೆ ಅವಮಾನ. 1911ರ ಹನ್ನೊಂದೂ ಮಂದಿ ಬರಿಗಾಲಲ್ಲಿದ್ದರು ಎನ್ನುವುದೂ ತಪ್ಪು. ಬ್ಯಾಕ್ ಸ್ಥಾನದಲ್ಲಿ ಆಡಿದ ಸುಧೀರ್ ಚಟರ್ಜಿ ಬೂಟು ಹಾಕಿದ್ದರು. ಉಳಿದವರಿಗೆ ಬರಿಗಾಲು ಅಭ್ಯಾಸ, ನಂಬಿಕೆ, ಎಷ್ಟೋ ಸಲ ಅನುಕೂಲ. ಒಣ ನೆಲದಲ್ಲಿ ಚೆಂಡು ಬೆರಳಿನ ಮಾತು ಕೇಳುತ್ತದೆ.

ತೊಂದರೆ ಇದ್ದದ್ದು ಮಳೆಯಲ್ಲಿ. ಇದನ್ನು ಸಂಪಾಜೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜುಲೈಯಲ್ಲಿ ಒಂದು ಮಳೆ ಬಂದು ನಿಂತ ಅರ್ಧ ಗಂಟೆಗೆ ಶಾಲೆಯ ಮೈದಾನಕ್ಕೆ ಹೋಗಿ ನೋಡಿ. ಕೆಳಗೆ ಗಟ್ಟಿ ಕೆಂಪು ನೆಲ, ಮೇಲೆ ಗಿಡ್ಡ ಹುಲ್ಲು, ನಡುನಡುವೆ ಹಸಿರು ಪಾಚಿ. ಬರಿಗಾಲಿನ ಹುಡುಗ ನೇರ ಓಡುವಷ್ಟು ಹೊತ್ತು ಸರಿಯಾಗಿಯೇ ಓಡುತ್ತಾನೆ. ತಿರುಗಬೇಕಾದಾಗ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಾನೆ, ಹಿಮ್ಮಡಿ ಹೊರಗೆ ಜಾರುತ್ತದೆ, ಮೊಣಕಾಲು ಊರಿ ಏಳುವಷ್ಟರಲ್ಲಿ ಚೆಂಡು ಇನ್ನೊಬ್ಬನ ಬಳಿ ಇರುತ್ತದೆ. ಕೆಸರುಗದ್ದೆಯ ಆಟಕ್ಕೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಕಾಲು ಹೂತು ನಿಲ್ಲುತ್ತದೆ. ಒದ್ದೆಯಾದ ಗಟ್ಟಿ ನೆಲವೇ ಬರಿಗಾಲಿಗೆ ಶತ್ರು. ಇನ್ನು ಆ ಕಾಲದ ಚೆಂಡು ಚರ್ಮದ್ದು, ಲೇಸು ಕಟ್ಟಿದ್ದು. ನೀರು ಕುಡಿದರೆ ಕಲ್ಲಿನಂತಾಗುತ್ತಿತ್ತು. ಕಲ್ಕತ್ತಾ ಲೀಗ್ ಬಹುಪಾಲು ನಡೆಯುತ್ತಿದ್ದದ್ದು ಇಂಥ ಮಳೆಗಾಲದಲ್ಲೇ. ಹಲ್ಲುಳ್ಳ ಬೂಟು ತೊಟ್ಟ ಸೈನಿಕರ ತಂಡಗಳು ಒದ್ದೆ ದಿನಗಳಲ್ಲಿ ಅಂಕ ಕೂಡಿಹಾಕುತ್ತಿದ್ದವು.

ಮೊಹಮ್ಮಡನ್ ಸ್ಪೋರ್ಟಿಂಗ್ ಈ ಗಂಟನ್ನು ಬಿಚ್ಚಿತು. ಒದ್ದೆ ಮೈದಾನದಲ್ಲಿ ಬೂಟು ಹಾಕಿ ಆಡುವುದನ್ನು ಆಟಗಾರರಿಗೆ ರೂಢಿ ಮಾಡಿಸಿತು. ಜೊತೆಗೆ ಬಂಗಾಳದ ಹೊರಗೆ ಹುಡುಕಿ ಆಟಗಾರರನ್ನು ಕರೆತಂದಿತು. ಹಾಗೆ ಹೋದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದರು.

"ಬರಿಗಾಲೆಂದು 1950ರ ವಿಶ್ವಕಪ್ಪಿಗೆ ಸೇರಿಸಲಿಲ್ಲ"

ಎಲ್ಲಕ್ಕಿಂತ ಗಟ್ಟಿಯಾಗಿ ಬೇರು ಬಿಟ್ಟ ಕಥೆ ಇದು. ಗುಂಪಿನ ಉಳಿದ ದೇಶಗಳು ಹಿಂದೆ ಸರಿದದ್ದರಿಂದ ಭಾರತಕ್ಕೆ ಬ್ರೆಜಿಲ್‌ಗೆ ಹೋಗುವ ಅವಕಾಶ ತಾನಾಗಿ ಬಂದಿತ್ತು. ಹೋಗದಿರಲು ನಮ್ಮ ಫುಟ್ಬಾಲ್ ಫೆಡರೇಷನ್ ಕೊಟ್ಟ ಕಾರಣಗಳು ತಂಡದ ಆಯ್ಕೆಯ ಬಗೆಗಿನ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯ ಸಾಲದಿರುವುದು. ಆಗ ನಮ್ಮವರಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದಾಗಿ ಕಾಣುತ್ತಿತ್ತು. ಬರಿಗಾಲಿನ ಮಾತು ನೆಪ ಮಾತ್ರ ಎಂದು ಆಗಿನ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದರು.

ಬರಿಗಾಲಿಗೆ ಅಂಥ ಅಡ್ಡಿಯಿದ್ದಿದ್ದರೆ ಎರಡು ವರ್ಷ ಮೊದಲು ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಲು ಬಿಡುತ್ತಿದ್ದರೆ? 1948ರ ಜುಲೈ 31ರಂದು ಹೆಚ್ಚಿನವರು ಬರಿಗಾಲಲ್ಲೇ ಇಳಿದ ಭಾರತ ಫ್ರಾನ್ಸಿಗೆ 2–1ರಿಂದ ಸೋತಿತು, ಅದೂ ಎರಡು ಪೆನಾಲ್ಟಿ ಕೈಬಿಟ್ಟು. ನಮ್ಮ ಒಂದೇ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಬೂಟು ಕಡ್ಡಾಯವಾದದ್ದು 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿದ ಮೇಲೆ, ನಮ್ಮ ಫೆಡರೇಷನ್ನಿನ ತೀರ್ಮಾನದಿಂದಲೇ.

"ಫುಟ್ಬಾಲ್ ಬಂಗಾಳ, ಕೇರಳ, ಗೋವಾದವರದ್ದು. ನಮ್ಮದೇನಿದ್ದರೂ ಹಾಕಿ, ಕ್ರಿಕೆಟ್"

ಕೊಡಗಿನಲ್ಲೇ ಇದನ್ನು ಕೇಳಿದಾಗ ನನಗೆ ಎಂ.ಪಿ. ಗಣೇಶ್ ನೆನಪಾಗುತ್ತಾರೆ. 1973ರ ವಿಶ್ವಕಪ್ಪಿನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿ ಬೆಳ್ಳಿ ತಂದವರು. ಅವರು ಮೊದಲು ಆಡಿದ್ದು ಫುಟ್ಬಾಲ್, ಕೊಡಗು ಜಿಲ್ಲೆಯ ಪರವಾಗಿ. ಹಾಕಿಗೆ ತಿರುಗಿದ್ದು ಸೈನ್ಯಕ್ಕೆ ಸೇರಿದ ಮೇಲೆ.

ಬೆಂಗಳೂರಿನದಂತೂ ದೊಡ್ಡ ಪರಂಪರೆ. ದಂಡು ಪ್ರದೇಶದ ಮೈದಾನಗಳಲ್ಲಿ ಸೈನಿಕರ ಆಟ ನೋಡಿ ಕಲಿತ ಸುತ್ತಲಿನ ಹುಡುಗರು ಅವರನ್ನೇ ಸೋಲಿಸುವ ಮಟ್ಟಕ್ಕೆ ಬೆಳೆದರು. ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಯಾವುದು ಎಂದರೆ ಹೆಚ್ಚಿನವರು ಕಲ್ಕತ್ತೆಯ ಹೆಸರನ್ನೇ ಹೇಳುತ್ತಾರೆ. ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಫೈನಲಿನಲ್ಲಿ ಅವರಿಗೆ ಸೋತವರು, ಕಲ್ಕತ್ತಾ ಲೀಗನ್ನು ಸತತವಾಗಿ ಗೆಲ್ಲುತ್ತಿದ್ದ ಅದೇ ಮೊಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲೂ ಕಪ್ ಬೆಂಗಳೂರಿಗೇ ಬಂತು. 1946–47ರಲ್ಲಿ ಮೈಸೂರು ರಾಜ್ಯ ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು.

ಆ ಪೀಳಿಗೆಯ ಅಹ್ಮದ್ ಖಾನ್ ಬೆಂಗಳೂರಿನಿಂದ ಈಸ್ಟ್ ಬೆಂಗಾಲಿಗೆ ಹೋದರು. ಒಂದು ಕಾಲದಲ್ಲಿ ಮೊದಲ ಡಿವಿಷನ್ನಿಗೆ ಬರಲು ಹೋರಾಡಬೇಕಾಗಿದ್ದ ಕ್ಲಬ್ ಅದು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಐವರ ಮುಂಚೂಣಿಯನ್ನು ಬಂಗಾಳದ ಜನ ಪಂಚಪಾಂಡವರು ಎಂದು ಕರೆದರು. ಈ ಐವರಲ್ಲಿ ಧನರಾಜ್ ಕೂಡ ನಮ್ಮ ಬೆಂಗಳೂರಿನವರೇ. 1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದಿತು.