ಮಾತು ತಡವಾದ ಮಗು ಮತ್ತು ಮನೆಯ ಕನ್ನಡ

“ಇವನ ಅಪ್ಪನೂ ತಡವಾಗಿಯೇ ಮಾತು ಕಲಿತದ್ದು, ಚಿಂತೆ ಬೇಡ” ಎಂದು ನನ್ನ ತಾಯಿಯವರು ಹೇಳಿದಾಗ ನಮ್ಮ ಮಗನಿಗೆ ಎರಡು ವರ್ಷ ತುಂಬಿತ್ತು. ಆ ಮಾತನ್ನು ನಂಬುವುದು ನಮಗೂ ಹಿತವಾಗಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಿಶುವಿಹಾರದಲ್ಲಿ ಇಂಗ್ಲಿಷ್. ಮಗು ಗೊಂದಲಗೊಂಡಿದೆ, ಕನ್ನಡವನ್ನು ಬಿಟ್ಟುಬಿಡಿ ಎಂದು ಹಿತೈಷಿಗಳು ಸಲಹೆಯಿತ್ತರು. ಹೀಗೆ ಒಂದು ವರ್ಷ ಕಳೆಯಿತು. ಬ್ಯಾಂಕಿನಲ್ಲಿ ವಾಯಿದೆ ಮೀರಿದ ಸಾಲಗಳ ಮೇಲೆ ದಿನವೂ ಕಣ್ಣಿಡುವ ನಾನು, ಮನೆಯಲ್ಲಿ ಮೀರುತ್ತಿದ್ದ ವಾಯಿದೆಯನ್ನು ಕಾಣಲಿಲ್ಲ. ಪರೀಕ್ಷೆಯಾದಾಗ ತಿಳಿದುದು: ಸ್ವಲೀನತೆ, ಅಂದರೆ ಆಟಿಸಂ.

ಹಲವು ಭಾಷೆಗಳ ಮನೆಯಲ್ಲಿ ಬೆಳೆಯುವುದು ಮಾತಿನ ದೋಷಕ್ಕೆ ಕಾರಣವಲ್ಲವೆಂಬುದು ಇಂದು ತಜ್ಞರ ಸ್ಥಿರವಾದ ಅಭಿಪ್ರಾಯ. ಆದುದರಿಂದ ಭಾಷೆಯ ಮೇಲೆ ತಪ್ಪು ಹೊರಿಸಿ ಕಾಯುವುದು ಸಲ್ಲದು. 12 ತಿಂಗಳಿಗೆ ತೊದಲು ನುಡಿಯಾಗಲಿ, ಬೆರಳು ತೋರುವುದಾಗಲಿ ಇಲ್ಲದಿದ್ದರೆ, 16 ತಿಂಗಳಿಗೆ ಒಂದು ಪದವೂ ಬಾರದಿದ್ದರೆ, 24 ತಿಂಗಳಿಗೆ ತಾನಾಗಿ ಎರಡು ಪದಗಳನ್ನು ಕೂಡಿಸದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ, ಆ ವಾರವೇ ಮಕ್ಕಳ ವೈದ್ಯರನ್ನು ಕಾಣಬೇಕು. ಮೊದಲು ಶ್ರವಣ ಪರೀಕ್ಷೆ, ಅನಂತರ ಬೆಳವಣಿಗೆಯ ಪರೀಕ್ಷೆ.

ಈ ವಿಷಯದಲ್ಲಿ ಚೆನ್ನೈ ನಗರವು ಭಾಗ್ಯಶಾಲಿ. ಪೂನಂ ನಟರಾಜನ್ ಅವರು 1985ರಲ್ಲಿ ಆರಂಭಿಸಿದ ಸಂಸ್ಥೆಯು ಇಂದು ವಿದ್ಯಾಸಾಗರ್ ಎಂಬ ಹೆಸರಿನಿಂದ ಕೋಟ್ಟೂರುಪುರದಲ್ಲಿದೆ. ಬಹುವಿಧ ವೈಕಲ್ಯವುಳ್ಳವರ ಸಬಲೀಕರಣಕ್ಕಾಗಿ ಕೇಂದ್ರ ಸರ್ಕಾರವು 2005ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಥೆಯು ಮುಟ್ಟುಕಾಡಿನಲ್ಲಿದೆ. ಕನ್ನಡದಲ್ಲಿಯೇ ಮಾತಿನ ಪರೀಕ್ಷೆಯಾಗಬೇಕೆನ್ನುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು.

ಇನ್ನು ನನ್ನ ವೃತ್ತಿಗೆ ಸಮೀಪವಾದ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18ನೆಯ ವಯಸ್ಸಿನವರೆಗೆ ನೆರೆಯ ಶಾಲೆಯಲ್ಲಾಗಲಿ, ತಾನಾರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಇದಕ್ಕೆಲ್ಲ ವೈಕಲ್ಯದ ಪ್ರಮಾಣಪತ್ರವೇ ಮೂಲ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿದ ಪೋಷಕರಿಗೆ ವರಮಾನದಲ್ಲಿ 75,000 ರೂಪಾಯಿ, ತೀವ್ರ ವೈಕಲ್ಯವಾದರೆ 1,25,000 ರೂಪಾಯಿ ಕಳೆಯಲು ಅವಕಾಶವಿದೆ. ಸ್ವಲೀನತೆ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯಗಳಿಗೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯು ಒಂದು ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆ ನೀಡುತ್ತದೆ. ಹದಿನೆಂಟು ತುಂಬಿದೊಡನೆ ತಂದೆತಾಯಿಗಳು ಕಾನೂನಿನ ದೃಷ್ಟಿಯಲ್ಲಿ ಸಹಜ ಪಾಲಕರಾಗಿ ಉಳಿಯುವುದಿಲ್ಲ. ಅಗತ್ಯವಿದ್ದವರು 1999ರ ಕಾಯಿದೆಯಂತೆ ಸ್ಥಳೀಯ ಸಮಿತಿಯಿಂದ ಪಾಲಕತ್ವವನ್ನು ಪಡೆಯಬೇಕು. ಈ ಪತ್ರವಿಲ್ಲದೆ ಬ್ಯಾಂಕಿನ ಮುಂದೆ ನಿಂತು ಕಂಗೆಟ್ಟ ತಾಯಂದಿರನ್ನು ನಾನು ಕಂಡಿದ್ದೇನೆ.

ನಮ್ಮ ಮಗನಿಗೆ ಈಗ ಒಂಬತ್ತು ವರ್ಷ. ತರಬೇತಿ ತಮಿಳಿನಲ್ಲಿ ನಡೆಯುತ್ತದೆ. ಆದರೆ ಅವನ ಮೊದಲ ಪೂರ್ಣ ವಾಕ್ಯ “ಅಜ್ಜಿ, ನೀರು ಕೊಡು” ಎಂಬುದಾಗಿತ್ತು. ಅಂದು ಕನ್ನಡವನ್ನು ಬಿಟ್ಟಿದ್ದರೆ ಅಜ್ಜಿಯೊಡನೆ ಆಡಲು ಅವನಿಗೆ ಯಾವ ಮಾತು ಉಳಿಯುತ್ತಿತ್ತು?

ಸಂಘದ ಬಂಧುಗಳಲ್ಲಿ ಒಂದು ವಿನಂತಿ. ರಾಜ್ಯೋತ್ಸವಕ್ಕೆ ಇಂತಹ ಮಕ್ಕಳನ್ನೂ ಕರೆತನ್ನಿ. ಸಭೆಯ ನಡುವೆ ಅವರು ಕೂಗಿದರೆ ಯಾರೂ ಹಿಂದಿರುಗಿ ನೋಡದಿದ್ದರೆ, ಅದೇ ದೊಡ್ಡ ಉಪಕಾರ.