ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಮತ್ತು ಕ್ರೀಡೆ: ಮೊರಬ ಭಾಗದ ಪಾಲಕರಿಗೆ ಹಾಗೂ ವಿದ್ಯಾರ್ಥಿಗಳಿಗೆ ಮಾಹಿತಿ

ಪೀಠಿಕೆ

ಧಾರವಾಡ ಜಿಲ್ಲೆ, ನವಲಗುಂದ ತಾಲೂಕಿನ ಮೊರಬ ಹಾಗೂ ಸುತ್ತಲಿನ ಗ್ರಾಮಗಳ ಮಕ್ಕಳು ಪ್ರೌಢಶಾಲೆಯಲ್ಲಿ ಕಳೆಯುವ ಅವಧಿ ಮೂರು ವರ್ಷ ಮಾತ್ರ. ಎಂಟರಿಂದ ಹತ್ತನೆಯ ತರಗತಿಯವರೆಗಿನ ಈ ಅವಧಿಯಲ್ಲಿಯೇ ಮಕ್ಕಳ ಶರೀರವು ವೇಗವಾಗಿ ಬೆಳೆಯುತ್ತದೆ. ಶಾಲಾ ಕ್ರೀಡೆಯ ಅವಕಾಶಗಳನ್ನು ವಯಸ್ಸಿನ ಆಧಾರದ ಮೇಲೆ ವಿಂಗಡಿಸಲಾಗಿರುವುದರಿಂದ, ವಯೋಮಿತಿ ದಾಟಿದ ಮೇಲೆ ಆ ವಿಭಾಗದ ಅವಕಾಶ ಮರಳಿ ದೊರೆಯುವುದಿಲ್ಲ.

ಗ್ರಾಮೀಣ ವಿದ್ಯಾರ್ಥಿಯು ಈ ಅವಕಾಶದಿಂದ ವಂಚಿತನಾಗಲು ಪ್ರತಿಭೆಯ ಕೊರತೆಯೇ ಕಾರಣವಾಗಿರಬೇಕೆಂದಿಲ್ಲ. ದೈಹಿಕ ಶಿಕ್ಷಣದ ಅವಧಿಯನ್ನು ಇತರ ವಿಷಯಗಳಿಗೆ ಬಿಟ್ಟುಕೊಡುವುದು, ಮಳೆಗಾಲಕ್ಕೆ ಅಂಗಳ ಸಿದ್ಧವಾಗದಿರುವುದು ಮತ್ತು ಜನ್ಮ ದಿನಾಂಕದ ದಾಖಲೆಗಳು ಪರಸ್ಪರ ತಾಳೆಯಾಗದಿರುವುದು, ಇವು ಸಾಮಾನ್ಯವಾಗಿ ಕಂಡುಬರುವ ಕಾರಣಗಳು. ಈ ಮೂರನ್ನೂ ಪಾಲಕರು, ಶಾಲೆ ಹಾಗೂ ಗ್ರಾಮಸ್ಥರು ಮುಂಚಿತವಾಗಿ ಸರಿಪಡಿಸಿಕೊಳ್ಳಬಹುದು. ಆ ಉದ್ದೇಶದಿಂದ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ದೈಹಿಕ ಶಿಕ್ಷಣವು ಎಲ್ಲ ಮಕ್ಕಳಿಗೆ

ದೈಹಿಕ ಶಿಕ್ಷಣ ಮತ್ತು ಕ್ರೀಡಾ ಸ್ಪರ್ಧೆ ಎರಡೂ ಒಂದೇ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಸ್ಪರ್ಧೆಯು ಆಯ್ಕೆಯಾದ ಕೆಲವರಿಗೆ ಮೀಸಲು. ದೈಹಿಕ ಶಿಕ್ಷಣವು ತರಗತಿಯ ಪ್ರತಿಯೊಂದು ಮಗುವಿಗೂ ಸಲ್ಲತಕ್ಕದ್ದು. ಕರ್ನಾಟಕದಲ್ಲಿ ಪ್ರೌಢಶಾಲಾ ತರಗತಿಗಳಿಗೆ ದೈಹಿಕ ಶಿಕ್ಷಣದ ಪ್ರತ್ಯೇಕ ಪಠ್ಯಪುಸ್ತಕಗಳಿದ್ದು, ಶಾಲಾ ವೇಳಾಪಟ್ಟಿಯಲ್ಲಿ ಇದಕ್ಕೆ ಅವಧಿಗಳನ್ನು ಗೊತ್ತುಪಡಿಸಲಾಗುತ್ತದೆ. ಕವಾಯತು, ಯೋಗಾಸನ, ಓಟ, ಜಿಗಿತ, ಎಸೆತ, ಗುಂಪು ಆಟಗಳು, ಆರೋಗ್ಯ ಮತ್ತು ಪ್ರಥಮ ಚಿಕಿತ್ಸೆಯ ತಿಳುವಳಿಕೆ ಇದರ ಅಂಗಗಳಾಗಿವೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಷ್ಟು ಸಾಧಾರಣದಿಂದ ತೀವ್ರ ಸ್ವರೂಪದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು. ವಾರದಲ್ಲಿ ಕನಿಷ್ಠ ಮೂರು ದಿನ ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಚಟುವಟಿಕೆಯೂ ಇರಬೇಕು. ಹೊಲದ ಕೆಲಸದಿಂದಲೇ ಇದೆಲ್ಲವೂ ಆಗುತ್ತದೆಂದು ಭಾವಿಸುವ ಪಾಲಕರಿದ್ದಾರೆ. ದುಡಿಮೆಯಲ್ಲಿ ಶ್ರಮವಿದೆ ನಿಜ. ಆದರೆ ಒಂದೇ ಭಂಗಿಯಲ್ಲಿ ಬಾಗಿ ಮಾಡುವ ಕೆಲಸದಲ್ಲಿ ವೇಗ, ಸಮತೋಲನ, ಜೊತೆಗಾರರೊಡನೆ ಹೊಂದಾಣಿಕೆ ಮುಂತಾದ ಗುಣಗಳಿಗೆ ಕ್ರಮಬದ್ಧ ಶಿಕ್ಷಣ ದೊರೆಯುವುದಿಲ್ಲ.

ಹತ್ತನೆಯ ತರಗತಿಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಸಿದ್ಧತೆಗಾಗಿ ಆಟದ ಅವಧಿಯನ್ನು ಬಿಟ್ಟುಕೊಡುವಂತೆ ಪಾಲಕರೇ ಕೋರುವ ಸಂದರ್ಭಗಳಿವೆ. ಇಡೀ ದಿನ ಕುಳಿತು ಓದುವ ವಿದ್ಯಾರ್ಥಿಗೆ ಆಟದ ಅವಧಿಯು ವಿಶ್ರಾಂತಿಯೂ ಹೌದು, ಮನಸ್ಸಿನ ಒತ್ತಡವನ್ನು ತಗ್ಗಿಸುವ ಸಾಧನವೂ ಹೌದು. ಆದುದರಿಂದ ಅಂತಹ ಕೋರಿಕೆಯನ್ನು ಸಲ್ಲಿಸದಿರುವುದು ಸೂಕ್ತ.

2. ಎರೆಭೂಮಿಯಲ್ಲಿ ಆಟದ ಅಂಗಳ

ನವಲಗುಂದ ತಾಲೂಕು ಬಹುತೇಕ ಎರೆಮಣ್ಣಿನ ಪ್ರದೇಶ. ಈ ಮಣ್ಣು ನೀರು ಕುಡಿದಾಗ ಉಬ್ಬಿ ಅಂಟಾಗುತ್ತದೆ; ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಜೋಳ, ಕಡಲೆ, ಹತ್ತಿಗೆ ಇದು ಉತ್ತಮವಾದರೂ ಆಟದ ಅಂಗಳಕ್ಕೆ ಎರಡೂ ಕಾಲದಲ್ಲಿ ತೊಡಕು. ಬೇಸಿಗೆಯ ಬಿರುಕುಗಳಲ್ಲಿ ಕಾಲು ಸಿಕ್ಕಿ ಉಳುಕುವ ಸಂಭವವಿದೆ. ಮಳೆಗಾಲದಲ್ಲಿ ಕೆಸರು ಪಾದಕ್ಕೆ ಮೆತ್ತಿಕೊಂಡು ಓಡಲಾಗುವುದಿಲ್ಲ. ಶಾಲಾ ಕ್ರೀಡಾಕೂಟಗಳು ಹೆಚ್ಚಾಗಿ ನಡೆಯುವುದೂ ಮಳೆಗಾಲದ ತಿಂಗಳುಗಳಲ್ಲಿಯೇ ಆಗಿರುವುದರಿಂದ, ಅಂಗಳದ ಕೆಲಸವನ್ನು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮುಗಿಸುವುದು ಅವಶ್ಯ. ನೀರು ನಿಲ್ಲದಂತೆ ಒಂದು ಬದಿಗೆ ಸ್ವಲ್ಪ ಇಳಿಜಾರು ಕೊಟ್ಟು, ಮೇಲೆ ಗರಸು ಹರಡಿ, ನೀರು ಚಿಮುಕಿಸಿ ರೋಲರ್ ಹೊಡೆಸಿದಲ್ಲಿ ಅಂಗಳ ಬೇಗನೆ ಆರುತ್ತದೆ. ಮೊನಚಾದ ಕಲ್ಲುಗಳನ್ನು ಆರಿಸಿ ತೆಗೆಯತಕ್ಕದ್ದು.

ಜಾಗದ ಕೊರತೆಯಿರುವ ಶಾಲೆಗಳವರು ಈ ಅಳತೆಗಳನ್ನು ಗಮನಿಸಬಹುದು:

ಅ) ಕಬಡ್ಡಿ: ಬಾಲಕಿಯರು ಹಾಗೂ ಕಿರಿಯರ ಅಂಗಳ 12 ಮೀಟರ್ ಉದ್ದ, 8 ಮೀಟರ್ ಅಗಲ. ಇದು ಒಂದು ಗುಂಟೆಗಿಂತ ತುಸು ಕಡಿಮೆ.
ಆ) ಖೋ-ಖೋ: 27 ಮೀಟರ್ ಉದ್ದ, 16 ಮೀಟರ್ ಅಗಲ. ಸುತ್ತಲಿನ ಖಾಲಿ ಜಾಗ ಬಿಟ್ಟು ಸುಮಾರು ನಾಲ್ಕೂಕಾಲು ಗುಂಟೆ.
ಇ) 400 ಮೀಟರ್ ಓಟದ ಪಥ: ಸುಮಾರು ನಾಲ್ಕು ಎಕರೆ. ಇಷ್ಟು ಜಾಗವಿಲ್ಲದ ಶಾಲೆಗಳಲ್ಲಿ 200 ಮೀಟರ್ ಪಥವನ್ನು ಗುರುತಿಸಿಕೊಳ್ಳುವುದು ರೂಢಿ.

ಕಬಡ್ಡಿ ಮತ್ತು ಖೋ-ಖೋ ಹಳ್ಳಿಯ ಶಾಲೆಗಳಲ್ಲಿ ಬೇರೂರಿರುವುದಕ್ಕೆ ಕಾರಣ ಇದರಿಂದ ಸ್ಪಷ್ಟವಾಗುತ್ತದೆ. ಇವುಗಳಿಗೆ ಬೇಕಾದ ಜಾಗ ಅಲ್ಪ, ಸಲಕರಣೆಗಳ ವೆಚ್ಚವೂ ಅಲ್ಪ. ಅಂಗಳ ಸಮತಟ್ಟು ಮಾಡಿಸುವ ಬೇಡಿಕೆಯನ್ನು ಶಾಲಾಭಿವೃದ್ಧಿ ಸಮಿತಿಯ ಮೂಲಕ ಲಿಖಿತವಾಗಿ ಗ್ರಾಮ ಪಂಚಾಯಿತಿಗೆ ಸಲ್ಲಿಸಿ, ಗ್ರಾಮ ಸಭೆಯಲ್ಲಿ ಮಂಡಿಸಬಹುದು. ಎಂಟನೆಯ ತರಗತಿಯವರೆಗೆ ಅನ್ವಯಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ ಮತ್ತು ಕ್ರೀಡಾ ಸಲಕರಣೆಗಳನ್ನು ಶಾಲೆಯಲ್ಲಿ ಇರಲೇಬೇಕಾದ ಸೌಲಭ್ಯಗಳ ಪಟ್ಟಿಯಲ್ಲಿ ಸೇರಿಸಲಾಗಿದೆ.

3. ಸ್ಪರ್ಧೆಗಳ ಹಂತಗಳು

ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ವಲಯ ಅಥವಾ ಹೋಬಳಿ, ತಾಲೂಕು, ಜಿಲ್ಲೆ, ವಿಭಾಗ ಮತ್ತು ರಾಜ್ಯ ಎಂಬ ಹಂತಗಳಲ್ಲಿ ನಡೆಯುತ್ತವೆ. ಮೊರಬ ಭಾಗದ ಶಾಲೆಯೊಂದರ ತಂಡವು ಮೊದಲ ಹಂತದಲ್ಲಿ ಗೆದ್ದಲ್ಲಿ ನವಲಗುಂದ ತಾಲೂಕು ಮಟ್ಟಕ್ಕೂ, ಅಲ್ಲಿಂದ ಧಾರವಾಡ ಜಿಲ್ಲಾ ಮಟ್ಟಕ್ಕೂ, ತದನಂತರ ಬೆಳಗಾವಿ ವಿಭಾಗ ಮಟ್ಟಕ್ಕೂ ಹೋಗುತ್ತದೆ. ರಾಜ್ಯ ತಂಡಕ್ಕೆ ಆಯ್ಕೆಯಾದವರು 1954ರಲ್ಲಿ ಸ್ಥಾಪನೆಯಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟಗಳಲ್ಲಿ ಭಾಗವಹಿಸುತ್ತಾರೆ. ರಾಷ್ಟ್ರಮಟ್ಟದಲ್ಲಿ 14, 17 ಮತ್ತು 19 ವರ್ಷದೊಳಗಿನ ವಿಭಾಗಗಳಿವೆ.

ವೈಯಕ್ತಿಕ ಸ್ಪರ್ಧೆಗಳಲ್ಲಿ ಎಷ್ಟನೆಯ ಸ್ಥಾನದವರೆಗೆ ಮುಂದಿನ ಹಂತಕ್ಕೆ ಕಳುಹಿಸಬೇಕು, ಒಬ್ಬ ವಿದ್ಯಾರ್ಥಿ ಎಷ್ಟು ಸ್ಪರ್ಧೆಗಳಲ್ಲಿ ಭಾಗವಹಿಸಬಹುದು, ಎಂಟನೆಯ ತರಗತಿಯ ವಿದ್ಯಾರ್ಥಿ ಯಾವ ವಿಭಾಗಕ್ಕೆ ಸೇರುತ್ತಾನೆ ಎಂಬ ವಿಷಯಗಳನ್ನು ಆಯಾ ಸಾಲಿನ ಸುತ್ತೋಲೆಯಲ್ಲಿ ತಿಳಿಸಲಾಗುತ್ತದೆ. ಶಾಲೆ ಆರಂಭವಾದ ಕೂಡಲೇ ದೈಹಿಕ ಶಿಕ್ಷಣ ಶಿಕ್ಷಕರಿಂದ ಇದನ್ನು ಕೇಳಿ ತಿಳಿಯುವುದು ಒಳಿತು.

ಈ ಸೀಮೆಯಲ್ಲಿ ಹೆಸರು ಬಿಡಿಸುವ ಕಾಲ ಮತ್ತು ಕ್ರೀಡಾಕೂಟಗಳ ಕಾಲ ಹಲವು ಬಾರಿ ಒಂದಾಗಿ ಬರುತ್ತವೆ. ಆಗಸ್ಟ್ ತಿಂಗಳಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವುದರಿಂದ ಅಭ್ಯಾಸ ತಪ್ಪುತ್ತದೆ. ತಂಡದ ಒಬ್ಬ ಆಟಗಾರ ಗೈರುಹಾಜರಾದರೆ ಉಳಿದವರ ಶ್ರಮವೂ ವ್ಯರ್ಥವಾಗುತ್ತದೆ. ಕೂಟದ ದಿನಾಂಕಗಳನ್ನು ಮೊದಲೇ ತಿಳಿದುಕೊಂಡು ಸುಗ್ಗಿಯ ಕೆಲಸವನ್ನು ಹೊಂದಿಸಿಕೊಳ್ಳುವಂತೆ ಪಾಲಕರಲ್ಲಿ ಕೋರಲಾಗಿದೆ.

4. ಜನ್ಮ ದಿನಾಂಕದ ದಾಖಲೆ

ವಯೋಮಿತಿಯನ್ನು ಆಯಾ ಸಾಲಿಗೆ ನಿಗದಿಪಡಿಸಿದ ದಿನಾಂಕಕ್ಕೆ ಲೆಕ್ಕ ಹಾಕಲಾಗುತ್ತದೆ. ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಜೂನ್ 1 ಎಂದು ಬರೆಸುವ ಪದ್ಧತಿ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಹೀಗೆ ಬರೆಸಿದ ದಿನಾಂಕವು ಜನನ ಪ್ರಮಾಣ ಪತ್ರದಲ್ಲಿರುವ ದಿನಾಂಕಕ್ಕೆ ಹೊಂದದಿದ್ದರೆ ಎರಡು ರೀತಿಯ ಹಾನಿಯಿದೆ. ದಾಖಲೆಯಲ್ಲಿ ವಯಸ್ಸು ಹೆಚ್ಚಾಗಿದ್ದರೆ ಅರ್ಹ ಮಗುವು ತನ್ನ ವಿಭಾಗವನ್ನು ಕಳೆದುಕೊಳ್ಳುತ್ತದೆ. ವಯಸ್ಸು ಕಡಿಮೆ ತೋರಿಸಿರುವುದು ಪರಿಶೀಲನೆಯಲ್ಲಿ ಕಂಡುಬಂದರೆ ಆಟಗಾರನಷ್ಟೇ ಅಲ್ಲ, ಇಡೀ ತಂಡವೇ ಅನರ್ಹಗೊಳ್ಳಬಹುದು. ಒಬ್ಬರ ತಪ್ಪು ದಾಖಲೆಯಿಂದ ಖೋ-ಖೋ ತಂಡದ ಹನ್ನೆರಡು ಮಕ್ಕಳು ಹಿಂದಿರುಗಬೇಕಾದೀತು.

ಆದುದರಿಂದ ಮಗು ಎಂಟನೆಯ ತರಗತಿಗೆ ಸೇರಿದ ವರ್ಷವೇ ಈ ಕೆಳಗಿನ ದಾಖಲೆಗಳಲ್ಲಿ ಹೆಸರು, ತಂದೆ-ತಾಯಿಯ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳತಕ್ಕದ್ದು:

ಅ) ಜನನ ಪ್ರಮಾಣ ಪತ್ರ
ಆ) ಶಾಲಾ ದಾಖಲಾತಿ ವಹಿ ಮತ್ತು ವರ್ಗಾವಣೆ ಪ್ರಮಾಣ ಪತ್ರ
ಇ) ಶಾಲೆಯ ಗಣಕೀಕೃತ ವಿದ್ಯಾರ್ಥಿ ಮಾಹಿತಿ
ಈ) ಆಧಾರ್ ಕಾರ್ಡ್

ವ್ಯತ್ಯಾಸ ಕಂಡುಬಂದಲ್ಲಿ ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಸಲ್ಲಿಸಿ, ತಿದ್ದುಪಡಿಗೆ ಅನುಸರಿಸಬೇಕಾದ ಕ್ರಮವನ್ನು ತಿಳಿದುಕೊಳ್ಳಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ನೋಂದಣಿಗೆ ಮೊದಲೇ ಇದನ್ನು ಪೂರೈಸುವುದು ಕ್ಷೇಮ. ಅಂಕಪಟ್ಟಿಯಲ್ಲಿ ಮುದ್ರಿತವಾದ ಬಳಿಕ ತಿದ್ದುಪಡಿ ಬಹಳ ಕಷ್ಟ. ಜನನ ಮತ್ತು ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1 ಅಥವಾ ಅನಂತರ ಜನಿಸಿದ ಮಕ್ಕಳಿಗೆ ಶಾಲಾ ಪ್ರವೇಶ ಮೊದಲಾದವುಗಳಿಗೆ ಜನನ ಪ್ರಮಾಣ ಪತ್ರವೇ ವಯಸ್ಸಿನ ಆಧಾರವಾಗಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

5. ಬಾಲಕಿಯರು ಮತ್ತು ವಿಶೇಷ ಚೇತನ ಮಕ್ಕಳು

ಪ್ರಾಥಮಿಕ ಶಾಲೆಯಲ್ಲಿ ಚುರುಕಾಗಿ ಆಡುತ್ತಿದ್ದ ಬಾಲಕಿಯರನ್ನು ಪ್ರೌಢಶಾಲೆಗೆ ಬಂದ ಮೇಲೆ ಆಟದಿಂದ ಬಿಡಿಸುವುದುಂಟು. ಪರವೂರಿನ ಪ್ರಯಾಣ ಹಾಗೂ ರಾತ್ರಿ ವಾಸ್ತವ್ಯದ ಬಗ್ಗೆ ಪಾಲಕರಿಗಿರುವ ಆತಂಕ ಸಹಜವಾದುದು. ಜೊತೆಗೆ ಶಿಕ್ಷಕಿಯರು ಯಾರು ಬರುತ್ತಾರೆ, ಯಾವ ವಾಹನ, ಎಲ್ಲಿ ವಸತಿ, ಯಾವಾಗ ಹಿಂದಿರುಗುವುದು ಎಂಬ ವಿವರಗಳನ್ನು ಲಿಖಿತವಾಗಿ ಪಡೆದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬಹುದು. ಯಾವುದೇ ರೀತಿಯ ಕಿರುಕುಳದ ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಬೆಳಗಾವಿ ತಾಲೂಕಿನ ತುರಮರಿ ಗ್ರಾಮದ ಮಲಪ್ರಭಾ ಜಾಧವ ಅವರು ಬೆಳಗಾವಿಯಲ್ಲಿ ಜೂಡೊ ತರಬೇತಿ ಪಡೆದು 2018ರ ಏಷ್ಯನ್ ಕ್ರೀಡಾಕೂಟದ ಕುರಾಶ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದರು. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆ ಕುರುಬೂರಿನ ಚೈತ್ರಾ ಅವರಿದ್ದರು. ಇಬ್ಬರೂ ಗ್ರಾಮೀಣ ಪ್ರದೇಶದವರೆಂಬುದು ಗಮನಾರ್ಹ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೆಯ ಕಲಮಿನಂತೆ, ವಿಶೇಷ ಚೇತನ ಮಕ್ಕಳಿಗೆ ಇತರರೊಂದಿಗೆ ಸಮಾನವಾಗಿ ಕ್ರೀಡೆ ಹಾಗೂ ಮನರಂಜನೆಯ ಅವಕಾಶಗಳನ್ನು ಶಾಲೆಗಳು ಒದಗಿಸಬೇಕು. ಆಟದ ಅವಧಿಯಲ್ಲಿ ಇಂತಹ ಮಗುವನ್ನು ತರಗತಿಯಲ್ಲಿಯೇ ಕೂರಿಸುವುದು ಸರಿಯಲ್ಲ. ಉಬ್ಬಸ, ಹೃದಯದ ತೊಂದರೆ, ಮೂರ್ಛೆರೋಗವಿರುವ ಮಕ್ಕಳ ವಿಷಯವನ್ನು ಪಾಲಕರು ಮುಚ್ಚಿಡದೆ ಶಿಕ್ಷಕರಿಗೆ ತಿಳಿಸಿ, ವೈದ್ಯರ ಸಲಹೆಯಂತೆ ನಡೆಯತಕ್ಕದ್ದು.

6. ಪ್ರಮಾಣ ಪತ್ರ ಮತ್ತು ಮುಂದಿನ ಅವಕಾಶಗಳು

ಸ್ಪರ್ಧೆಯಲ್ಲಿ ಭಾಗವಹಿಸಿದ ಹಾಗೂ ಸ್ಥಾನ ಪಡೆದ ಪ್ರಮಾಣ ಪತ್ರಗಳನ್ನು ಅಂಕಪಟ್ಟಿಯಷ್ಟೇ ಜೋಪಾನವಾಗಿ ಇಡಬೇಕು. ಹೆಸರಿನ ಕಾಗುಣಿತ, ಸ್ಪರ್ಧೆಯ ಹಂತ, ವರ್ಷ, ಸಹಿ ಮತ್ತು ಮೊಹರು ಸರಿಯಾಗಿವೆಯೇ ಎಂದು ಪಡೆಯುವಾಗಲೇ ನೋಡಿಕೊಳ್ಳಿರಿ. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಕ್ರೀಡಾ ವಿಭಾಗದ ಸೀಟುಗಳಿಗೆ ಯಾವ ಹಂತದ ಸಾಧನೆ ಪರಿಗಣಿತವಾಗುತ್ತದೆ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಬೇಕು. ತಾಲೂಕು ಮಟ್ಟದ ಪತ್ರವೊಂದರಿಂದಲೇ ಸೀಟು ದೊರೆಯುವುದೆಂದು ಯಾರಾದರೂ ಹೇಳಿದಲ್ಲಿ ನಂಬತಕ್ಕದ್ದಲ್ಲ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ರಾಜ್ಯದ ವಿವಿಧೆಡೆ ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತಿದೆ. ಅಲ್ಲಿಗೆ ಆಯ್ಕೆಯಾದ ಮಕ್ಕಳಿಗೆ ವಸತಿ, ಊಟ ಮತ್ತು ತರಬೇತಿ ದೊರೆಯುತ್ತವೆ. ಧಾರವಾಡದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವೂ ಇದೆ. ಆಯ್ಕೆ ಪರೀಕ್ಷೆಗಳ ಪ್ರಕಟಣೆಯನ್ನು ದಿನಪತ್ರಿಕೆಗಳಲ್ಲಿ ನೋಡಬಹುದು ಅಥವಾ ಧಾರವಾಡದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಿಲ್ಲದಿದ್ದರೆ ಮಗು ಸ್ಪರ್ಧೆಗೆ ಹೋಗಬಹುದೇ?
ಉತ್ತರ: ಪ್ರವೇಶವನ್ನು ಶಾಲೆಯ ಪರವಾಗಿ ಮುಖ್ಯೋಪಾಧ್ಯಾಯರು ಕಳುಹಿಸುತ್ತಾರೆ. ಮಗುವಿನ ಆಸಕ್ತಿಯನ್ನು ಜೂನ್ ತಿಂಗಳಲ್ಲಿಯೇ ಅವರಿಗೆ ತಿಳಿಸಿ, ತಂಡದ ಜೊತೆಗೆ ಬೇರೆ ಶಿಕ್ಷಕರನ್ನು ನಿಯೋಜಿಸುವಂತೆ ಕೋರಬಹುದು.

ಪ್ರಶ್ನೆ: ಆಯ್ಕೆಗಾಗಿ ಹಣ ಕೇಳಿದರೆ ಏನು ಮಾಡಬೇಕು?
ಉತ್ತರ: ಆಯ್ಕೆಗೆ ಹಣ ಕೊಡತಕ್ಕದ್ದಲ್ಲ. ಶಾಲೆಯು ಪಡೆಯುವ ಯಾವುದೇ ಮೊತ್ತಕ್ಕೆ ರಸೀದಿ ಕೇಳಿ ಪಡೆಯಿರಿ.

ಪ್ರಶ್ನೆ: ದೂರು ಅಥವಾ ಮನವಿ ಯಾರಿಗೆ ಸಲ್ಲಿಸಬೇಕು?
ಉತ್ತರ: ಮೊದಲು ಮುಖ್ಯೋಪಾಧ್ಯಾಯರಿಗೆ, ನಂತರ ನವಲಗುಂದದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಧಾರವಾಡದ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು.

ವಿಶೇಷ ಸೂಚನೆ

ಪ್ರತಿ ವರ್ಷ ಜೂನ್ ತಿಂಗಳೊಳಗೆ ಪಾಲಕರು ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು: ವೇಳಾಪಟ್ಟಿಯಲ್ಲಿ ಆಟದ ಅವಧಿ ಇದೆಯೇ, ಅಂಗಳ ಸಿದ್ಧವಾಗಿದೆಯೇ, ಮಗುವಿನ ದಾಖಲೆಗಳು ತಾಳೆಯಾಗುತ್ತವೆಯೇ. ಇವುಗಳಿಗೆ ಬೇಕಾಗುವುದು ಒಂದೆರಡು ದಿನಗಳ ಓಡಾಟ ಮಾತ್ರ. ಇದನ್ನು ಮುಂದೂಡಿದಲ್ಲಿ ಮಗುವು ಕಳೆದುಕೊಳ್ಳುವುದು ಮೂರು ವರ್ಷಗಳಲ್ಲಿ ಒಂದು ಇಡೀ ವರ್ಷವನ್ನು.