ಕಿತ್ತ ಹಲ್ಲು ಕಲಿಸುವ ಪಾಠ

ಚಿಕ್ಕಂದಿನಲ್ಲಿ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆಯುತ್ತಿದ್ದೆವು. ದೊಡ್ಡವರ ಕಿತ್ತ ಹಲ್ಲಿಗೆ ಆ ಮರ್ಯಾದೆಯೂ ಇಲ್ಲ. ಆದರೆ ದಂತ ಕಾಲೇಜುಗಳಲ್ಲಿ ಅದೇ ಗುರು. ಮತ್ತಿಕೆರೆ ಬಳಿಯ ರಾಮಯ್ಯ ದಂತ ಕಾಲೇಜಾಗಲಿ, ಯಲಹಂಕ ದಾಟಿ ಹುಣಸಮಾರನಹಳ್ಳಿಯಲ್ಲಿರುವ ಕೃಷ್ಣದೇವರಾಯ ದಂತ ಕಾಲೇಜಾಗಲಿ, ರೂಟ್ ಕೆನಾಲ್ ಕಲಿಯುವವರ ಕೈ ಮೊದಲು ಪಳಗುವುದು ಕಿತ್ತ ಹಲ್ಲಿನ ಮೇಲೆ.

‘ನರ ತೆಗೆಸೋದು’ ಎಂದು ನಾವು ಹೇಳುವ ಈ ಚಿಕಿತ್ಸೆಯ ಜೀವಾಳ, ಬೇರಿನೊಳಗಿನ ನಾಳವನ್ನು ಕೆರೆಯುವ ಫೈಲ್ ಎಂಬ ಸಣ್ಣ ಅರ. 25ನೇ ನಂಬರಿನ ಉಕ್ಕಿನ ಕೈ ಫೈಲಿನ ತುದಿ 0.25 ಮಿ.ಮೀ. ದಪ್ಪ, 16 ಮಿ.ಮೀ. ಮೇಲೆ 0.57. ಮೋಟಾರಿಗೆ ಹಾಕುವ, ಶೇ 6ರಷ್ಟು ಅಗಲವಾಗುತ್ತ ಹೋಗುವ ಅದೇ ನಂಬರಿನ ಫೈಲು ಅಲ್ಲಿ 1.21 ಮಿ.ಮೀ. ಅಷ್ಟು ದಪ್ಪದ ಉಕ್ಕು ಬಾಗದು. ಬೇರು ತಿರುಗಿದ ಕಡೆ ತಾನು ನೆಟ್ಟಗೆ ನುಗ್ಗಿ ಗೋಡೆ ಕೊರೆಯುತ್ತದೆ. ವಕ್ರದಂತ ಸರಿಪಡಿಸುವ, ಸುಲಭವಾಗಿ ಬಾಗುವ ನಿಕಲ್-ಟೈಟಾನಿಯಂ ತಂತಿಯಿಂದಲೇ ಫೈಲು ಮಾಡಬಹುದೆಂದು 1988ರಲ್ಲಿ ಸಂಶೋಧಕ ಹರ್ಮೀತ್ ವಾಲಿಯಾ ಮತ್ತು ಸಂಗಡಿಗರು ತೋರಿಸಿದ ಮೇಲೆ ಈ ತೊಡಕು ಸಡಿಲಿತು.

ಈಗ ಬಗೆಬಗೆಯ ಫೈಲುಗಳಿವೆ. ಪ್ರೊಟೇಪರ್ ನಿಮಿಷಕ್ಕೆ ಸುಮಾರು 300 ಸುತ್ತು ಒಂದೇ ದಿಕ್ಕಿಗೆ ತಿರುಗುತ್ತದೆ. ಒಂದಾದ ಮೇಲೊಂದು ಹಲವು ಫೈಲು ಬೇಕು. 2011ರಲ್ಲಿ ಬಂದ ವೇವ್‌ಒನ್ ಎಡಕ್ಕೆ 170 ಡಿಗ್ರಿ ತಿರುಗಿ, 50 ಡಿಗ್ರಿ ಹಿಂದೆ ಬರುತ್ತದೆ. ಮೂರು ಸಲಕ್ಕೆ ಒಂದು ಸುತ್ತು. ಸಾಮಾನ್ಯವಾಗಿ ಒಂದೇ ಫೈಲು ಸಾಕು. ಹೀಗೆ ಹಿಂದೆ ಮುಂದೆ ಆಡುವುದರಿಂದ ಲೋಹ ಬೇಗ ದಣಿಯದು.

ಯಾವುದು ಮೇಲು? ಅದನ್ನು ತಿಳಿಯಲು ಸಂಶೋಧಕರು ಕಿತ್ತ ಹಲ್ಲುಗಳಲ್ಲಿ ಕೆಳದವಡೆಯ ಬಾಗಿದ ಬೇರುಗಳನ್ನು ಆರಿಸಿ, ಕೆರೆಯುವ ಮೊದಲು ಮತ್ತು ನಂತರ ಸ್ಕ್ಯಾನ್ ಮಾಡಿ, ಎರಡು ಚಿತ್ರ ಒಂದರ ಮೇಲೊಂದಿಟ್ಟು ಯಾವ ಗೋಡೆ ಎಷ್ಟು ಸವೆಯಿತೆಂದು ಅಳೆಯುತ್ತಾರೆ. ಕೆಲಸ ಎಷ್ಟು ಬೇಗ ಮುಗಿಯಿತು ಎಂಬುದಕ್ಕಿಂತ, ಫೈಲು ನಾಳದ ನಡುವೆಯೇ ಉಳಿಯಿತೇ ಎಂಬುದೇ ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ. ಬೇರಿನ ಗೋಡೆ ಒಮ್ಮೆ ತೂತಾದರೆ ಹಲ್ಲನ್ನು ಉಳಿಸುವುದೇ ಕಷ್ಟವಾಗಬಹುದು.

ಎಷ್ಟೇ ದುಬಾರಿ ಫೈಲಾದರೂ ಮೊಟ್ಟೆಯಾಕಾರದ ನಾಳದ ಎಲ್ಲ ಮೂಲೆ ಮುಟ್ಟದು. ಉಳಿದ ಕೊಳೆಗೆ ಹೈಪೋಕ್ಲೋರೈಟ್ ದ್ರಾವಣವೇ ಗತಿ. ಮೋಟಾರಿಗಿಂತ ಮೊದಲು ದಾರಿ ಹುಡುಕುವುದು ಈಗಲೂ ಬಹುಪಾಲು 10ನೇ ನಂಬರಿನ ಕೈ ಫೈಲೇ. ಆ ಬೆರಳ ಹದ ಕಲಿಸುವುದು ನಿಜವಾದ ಹಲ್ಲು. ದಂತ ಕಾಲೇಜಿನಲ್ಲಿ ಹಲ್ಲು ಕೀಳಿಸಿಕೊಂಡಾಗ, ಅದನ್ನು ಕಲಿಕೆಗೆ ಕೊಡುತ್ತೀರಾ ಎಂದು ಯಾರಾದರೂ ಕೇಳಿದರೆ ದಯವಿಟ್ಟು ಇಲ್ಲವೆನ್ನಬೇಡಿ.